ನಿಮಗ ಯಾರು ಕೇಳಿದ್ರು, ಅಕ್ಕೋರ?

ಇಳಕಲ್ಲಿಗೆ ಬಂದ ಮೊದಲ ಭಾನುವಾರ ನಾನು ಮಕ್ಕಳಿಗೆ ಕೇಳಿದ ಮೊದಲ ಪ್ರಶ್ನೆಯೇ ನೆಲಕಚ್ಚಿತು. ಜಮಖಾನೆಯ ಮೇಲೆ ಮೂವತ್ತಕ್ಕೂ ಹೆಚ್ಚು ಮಕ್ಕಳು ಕುಳಿತಿದ್ದರು. ಪರಿಚಯಕ್ಕೆ ಇರಲಿ ಎಂದು, "ಯಾರ್ಯಾರಿಗೆಲ್ಲ ದೀಕ್ಷಾಸ್ನಾನ ಆಗಿದೆ, ಕೈ ಎತ್ತಿ ನೋಡೋಣ" ಎಂದೆ. ಒಂದೇ ಒಂದು ಕೈಯೂ ಮೇಲೇಳಲಿಲ್ಲ. ನಮ್ಮ ಮೈಸೂರಿನ ಚರ್ಚಿನಲ್ಲಿ ಹೀಗೆ ಕೇಳಿದ್ದರೆ ಮಕ್ಕಳು ಎರಡೆರಡು ಕೈ ಎತ್ತುತ್ತಿದ್ದರು, ತೊಡೆಯ ಮೇಲಿನ ಕೂಸುಗಳ ಕೈಯನ್ನು ತಾಯಂದಿರೇ ಎತ್ತಿ ತೋರಿಸುತ್ತಿದ್ದರು. ದಾರಿ ತಪ್ಪಿ ಬೇರೆಲ್ಲೋ ಬಂದೆನೇ ಎಂದು ನಾನು ಕಿಟಕಿಯಿಂದ ಹೊರಗಿನ ಬೋರ್ಡನ್ನು ಇನ್ನೊಮ್ಮೆ ಓದಿದೆ. ಚರ್ಚೇ ಅದು.

ಹಿಂದಿನ ಸಾಲಿನಲ್ಲಿ ಹದಿನೇಳರ ಹುಡುಗಿಯೊಬ್ಬಳು ತಂಗಿಯನ್ನು ಮಡಿಲಲ್ಲಿ ಕೂರಿಸಿಕೊಂಡಿದ್ದಳು. "ನಿಮ್ಮದು ಆಗೇತೇನ್ರಿ, ಅಕ್ಕೋರ?" ಎಂದಳು.

"ಆಗಿದೆಯಲ್ಲ."

"ಯಾವಾಗ್ರಿ?"

"ನಾನು ಮೂರು ತಿಂಗಳ ಮಗುವಾಗಿದ್ದಾಗ."

ಮಕ್ಕಳೆಲ್ಲ ಗೊಳ್ಳೆಂದು ನಕ್ಕರು. ಆ ಹುಡುಗಿ ಮಾತ್ರ ನಗಲಿಲ್ಲ. "ಹಂಗಾರ ನಿಮಗ ಯಾರು ಕೇಳಿದ್ರು?" ಎಂದಳು.

ಉತ್ತರ ತೋಚದಿದ್ದರೆ ಹಾಡು ಹಾಡಿಸುವುದು ಸಂಡೇ ಸ್ಕೂಲ್ ಟೀಚರುಗಳ ಹಳೆಯ ಉಪಾಯ. ನಾನೂ ಅದನ್ನೇ ಮಾಡಿದೆ. ಆ ಹುಡುಗಿಯ ಹೆಸರು ಸುನೀತಾ. ಅವಳ ತಾಯಿ ಸೀರೆ ನೇಯುತ್ತಾಳೆ, ಅವಳು ಪಿಯುಸಿ ಓದುತ್ತ ತಾಯಿಯ ಮಗ್ಗಕ್ಕೆ ನೂಲು ಸುತ್ತಿಕೊಡುತ್ತಾಳೆ. 'ಅಕ್ಕೋರು' ಎಂದರೆ ಈ ಸೀಮೆಯಲ್ಲಿ ಪಾಠ ಹೇಳುವ ಹೆಂಗಸು. ಮೈಸೂರಿನಲ್ಲಿ ಹನ್ನೊಂದು ವರ್ಷ ಮಿಸ್ ಆಗಿದ್ದವಳು ಒಂದೇ ಬೆಳಗ್ಗೆ ಅಕ್ಕೋರಾದೆ. ಆ ಹೆಸರು ನನಗೆ ಬಹಳ ಹಿಡಿಸಿತು.

ಈ ಬರಹ ನಮ್ಮ ಮೈಸೂರಿನ ಸಭೆಯವರಿಗೆ. ಹೋದ ಕ್ರಿಸ್‌ಮಸ್ಸಿಗೆ ನಾನು ಊರಿಗೆ ಬಂದಿದ್ದಾಗ ನಿಮ್ಮೆಲ್ಲರ ಮುಂದೆ ಒಂದು ಮಾತಿಗೆ ತಡವರಿಸಿದೆ. "ಏನಾಯ್ತೇ ನಿನಗೆ?" ಎಂದು ಬಹಳ ಜನ ಕೇಳಿದಿರಿ. ಅದನ್ನು ಹೇಳಬೇಕಾದರೆ ಇಲ್ಲಿಂದಲೇ ಶುರು ಮಾಡಬೇಕು.

ಇಲ್ಲಿನ ಸಭೆಗಳು ಮೆನೊನೈಟ್ ಪಂಗಡದವು. ಇವರು ನಮ್ಮ ಹಾಗೆ ಕೂಸುಗಳ ಹಣೆಗೆ ನೀರು ಹಾಕಿ ದೀಕ್ಷಾಸ್ನಾನ ಕೊಡುವುದಿಲ್ಲ. ಬೆಳೆದು ಬುದ್ಧಿ ಬಂದ ಮೇಲೆ ಅವರವರೇ ಬಂದು ಬೇಕೆಂದು ಕೇಳಬೇಕು. ಯಾಕೆ ಬೇಕೆಂದು ಹಿರಿಯರ ಮುಂದೆ ತಮ್ಮ ಬಾಯಿಂದಲೇ ಹೇಳಬೇಕು. ಅದಕ್ಕೆ ಸಾಕ್ಷಿ ಹೇಳುವುದು ಎನ್ನುತ್ತಾರೆ. ಹಿರಿಯರಿಗೆ ಒಪ್ಪಿಗೆಯಾದರೆ ಹೊಳೆಗೆ ಕರೆದೊಯ್ದು ಮುಳುಗಿಸುತ್ತಾರೆ. ಜಗಳ ಬೆಳೆಸಬಾರದು, ಮುನಿದವರ ಮನೆಗೆ ನಾವೇ ಹೋಗಬೇಕು ಎನ್ನುವುದು ಇವರಿಗೆ ದೊಡ್ಡ ಪಾಠ. ಇದನ್ನೆಲ್ಲ ನಾನು ಪುಸ್ತಕದಲ್ಲಿ ಓದಿದ್ದೆ. ಆದರೂ ಆ ದಿನ ಮೂವತ್ತು ಮಕ್ಕಳು ಕೈ ಕಟ್ಟಿ ಕುಳಿತದ್ದನ್ನು ಕಂಡು ಬೆಚ್ಚಿದೆ.

ಕೂಸಿದ್ದಾಗಿನ ದೀಕ್ಷೆಯನ್ನು ಹದಿನಾಲ್ಕಕ್ಕೆ ನಾವೇ ಒಪ್ಪಿಕೊಳ್ಳುವ ದೃಢೀಕರಣ ಎಂದು ನಮ್ಮಲ್ಲೂ ಒಂದು ಇದೆಯಲ್ಲ, ಆಗ ಕೇಳಿದರಲ್ಲ ಎಂದು ನೀವು ಹೇಳಬಹುದು. ಕೇಳಿದರು ನಿಜ. ಉತ್ತರವನ್ನೂ ಅಚ್ಚು ಹಾಕಿಸಿ ಕೊಟ್ಟಿದ್ದರು. ಹೊಸ ಬಟ್ಟೆ ತೊಟ್ಟು ಗಿಳಿಪಾಠ ಒಪ್ಪಿಸಿ ಕೇಕು ತಿಂದು ಬಂದೆವು.

ನನ್ನನ್ನು ಕರೆಸಿದ್ದು ಎರಡು ವರ್ಷದ ಮಟ್ಟಿಗೆ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲು, ಈ ನಾಲ್ಕು ಊರಿನ ಸಭೆಗಳಲ್ಲಿ ಮಕ್ಕಳ ಮತ್ತು ಯುವಕರ ಕೆಲಸ ಸೊರಗಿತ್ತು. ಹಿರಿಯರ ಮುಖಂಡ ದಾನಪ್ಪನವರು ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು. ಮೊದಲ ಭೇಟಿಯಲ್ಲೇ ಅವರು ಕಷ್ಟವನ್ನು ಬಿಡಿಸಿ ಹೇಳಿದರು. "ಸಣ್ಣವ್ರು ಬರ್ತಾರ್ರಿ ಅಕ್ಕೋರ. ಹತ್ತನೇತ್ತ ಮುಗೀತು ಅಂದ್ರ ಇಳದ ಹೋಗ್ತಾರ. ಯಾಕ ಇಳದ್ರು, ಎಲ್ಲಿ ಇಳದ್ರು, ನಮಗ ತಿಳೀವಲ್ದು. ನೀವು ಒಟ್ಟು ಅವರನ್ನ ಹತ್ತಿಸ್ರಿ."

ಮನೆ ಸಿಕ್ಕಿದ್ದು ಖಾತೂನ್ ಖಾಲಾ ಅವರ ಮಹಡಿಯಲ್ಲಿ. ತಲೆಮಾರುಗಳಿಂದ ಇಲ್ಲಿಯೇ ಇರುವ ಮುಸ್ಲಿಂ ಮನೆತನ, ಗಂಡ ಟೇಲರ್. ಓಣಿಗೆಲ್ಲ ಅವರು ಖಾಲಾ, ಅಂದರೆ ಚಿಕ್ಕಮ್ಮ. ಮೈಸೂರಿನಲ್ಲಿ ಬಾಡಿಗೆಗೆ ಹೋದರೆ ಕೆಲಸ ಏನು, ನೆಂಟರು ಎಷ್ಟು ಎಂದು ಕೇಳುತ್ತಾರೆ. ಖಾಲಾ ಕೇಳಿದ್ದು ಒಂದೇ: "ರೊಟ್ಟಿ ಬಡಿಯಾಕ ಬರ್ತೈತೇನ್ರಿ?" ಬರುವುದಿಲ್ಲ ಎಂದೆ. ಅವರ ಮುಖದಲ್ಲಿ ಕನಿಕರ ಕಂಡಿತು. ನಾನು ತಟ್ಟಿದ ಜೋಳದ ರೊಟ್ಟಿ ಹಂಚಿಗೆ ಹೋಗುವ ದಾರಿಯಲ್ಲೇ ಮೂರು ಪಾಲಾಗುತ್ತಿತ್ತು. ಸಂಜೆ ಆರರ ಹೊತ್ತಿಗೆ ಕುಕ್ಕರಿನಲ್ಲಿ ಒಬ್ಬಳಿಗಾಗುವಷ್ಟು ಅನ್ನ ಇಡುವಾಗ ಅಳು ಬರುತ್ತಿತ್ತು. ಮುಚ್ಚಿಡುವುದೇನು, ಮೊದಲ ಎರಡು ತಿಂಗಳು ಬಹಳ ಒಂಟಿಯಾಗಿದ್ದೆ.

ಆದರೆ ವಾರಕ್ಕೊಂದು ಊರಿಗೆ ಬಸ್ಸು ಹತ್ತತೊಡಗಿದ ಮೇಲೆ ಕುತೂಹಲ ಅಳುವನ್ನು ಹಿಂದಿಕ್ಕಿತು. ಬಾಗಲಕೋಟೆಯಲ್ಲಿ ವಿಳಾಸ ಕೇಳಿದರೆ ಸೆಕ್ಟರ್ ನಂಬರ್ ಹೇಳುತ್ತಾರೆ. ಹಳೆಯ ಊರಿನ ದೊಡ್ಡ ಭಾಗ ಅಣೆಕಟ್ಟಿನ ಹಿನ್ನೀರಿಗೆ ಹೋಗಿ ಜನ ನವನಗರಕ್ಕೆ ಬಂದವರು. ಅಲ್ಲಿನ ಮಕ್ಕಳಿಗೆ ಜಲಪ್ರಳಯದ ನೋಹನ ಕಥೆ ಹೇಳಿದಾಗ ಒಬ್ಬಳು, "ನಮ್ಮ ಅಜ್ಜಿ ಮನೀನೂ ನೀರಾಗ ಐತ್ರಿ" ಎಂದಳು. ನಾನು ಬಣ್ಣದ ಚಿತ್ರಪಟವನ್ನು ಮೆಲ್ಲಗೆ ಸುತ್ತಿಟ್ಟೆ. ಅವತ್ತು ಅವಳ ಅಜ್ಜಿಯ ಮನೆಯ ಕಥೆಯನ್ನೇ ಎಲ್ಲರೂ ಕೇಳಿದೆವು. ಬಾದಾಮಿಯ ತರಗತಿಯ ಪ್ರಕಾಶನ ತಂದೆ ಗುಹೆ ತೋರಿಸುವ ಗೈಡು. ದಾವೀದ ಗೊಲ್ಯಾತರ ಕಥೆ ಹೇಳು ಎಂದರೆ ಅವನು ಕೈ ಚಾಚಿ, "ಇತ್ತ ಕಡೆ ನೋಡ್ರಿ, ಒಂಬತ್ತು ಫೂಟಿನ ಗೊಲ್ಯಾತ. ಬಲಕ್ಕ ಬರ್ರಿ, ಸಣ್ಣ ಹುಡುಗ ದಾವೀದ" ಎಂದು ಕೋಣೆಯ ತುಂಬ ಓಡಾಡಿಸುತ್ತಿದ್ದ. ನನಗೆ ಈ ಮಕ್ಕಳ ಮೇಲೆ ಪ್ರೀತಿ ಹುಟ್ಟಿದ್ದು ಹೀಗೆ.

ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ. ನಾನೂ ಹಾಗೆಯೇ. ಮೊದಲ ವರ್ಷವೇ ನಾಲ್ಕೂ ಊರುಗಳಿಂದ ಆರು ಜನ ಯುವಕ ಯುವತಿಯರನ್ನು ಹುರಿದುಂಬಿಸಿ ದೀಕ್ಷಾಸ್ನಾನದ ತರಗತಿಗೆ ಸೇರಿಸಿದೆ. ಸುನೀತಾ, ಪ್ರಕಾಶ ಇಬ್ಬರೂ ಅದರಲ್ಲಿದ್ದರು. ದಾನಪ್ಪನವರು ಹಿಗ್ಗಿದರು. ಸಾಕ್ಷಿ ಹೇಳುವ ದಿನ ಹತ್ತಿರ ಬಂದಂತೆ ಮಕ್ಕಳು ಹೆದರಿದರು. "ಏನಂತ ಹೇಳೂದ್ರಿ?" ಎಂದರು. ನಾನು ಪೆನ್ನು ಹಿಡಿದು ಆರು ಹಾಳೆಗಳಲ್ಲಿ ಆರು ಸಾಕ್ಷಿಗಳನ್ನು ಅಂದವಾಗಿ ಬರೆದುಕೊಟ್ಟೆ. ಅದು ತಪ್ಪು ಎಂದು ನನಗೆ ಹೊಳೆಯಲೇ ಇಲ್ಲ.

ಹುನಗುಂದದಲ್ಲಿ ಹಿರಿಯರು ಕುಳಿತರು. ಪ್ರಕಾಶ ಮೊದಲು ಎದ್ದು ಗಂಟಲು ಸರಿಮಾಡಿಕೊಂಡು, "ನಾನು ಲೋಕದ ಸುಖಭೋಗಗಳನ್ನು ತ್ಯಜಿಸಿ ಬೆಳಕಿನ ಕಡೆಗೆ ತಿರುಗಿಕೊಂಡೆನು" ಎಂದ.

ದಾನಪ್ಪನವರು ಕನ್ನಡಕ ಮೇಲೇರಿಸಿದರು. "ಯಾವ ಸುಖಭೋಗಪಾ ತಮ್ಮಾ?"

ಪ್ರಕಾಶ ನನ್ನ ಕಡೆ ನೋಡಿದ. "ಅದು... ಅಕ್ಕೋರಿಗೆ ಗೊತ್ರಿ."

ಎರಡನೆಯವನು, ಮೂರನೆಯವಳು, ಎಲ್ಲರೂ ಬೆಳಕಿನ ಕಡೆಗೇ ತಿರುಗಿಕೊಂಡರು. ಕೊನೆಗೆ ಸುನೀತಾ ಎದ್ದಳು. ಹಾಳೆಯನ್ನು ಬಿಚ್ಚಿದಳು, ನೋಡಿದಳು, ಮತ್ತೆ ಮಡಚಿದಳು. "ಇದು ಭಾಳ ಚಲೋ ಐತ್ರಿ. ಆದ್ರ ಇದು ಅಕ್ಕೋರ ಮಾತು. ನನ್ನ ಮಾತು ಇನ್ನೂ ಬಂದಿಲ್ಲ" ಎಂದು ಕುಳಿತುಬಿಟ್ಟಳು.

ದಾನಪ್ಪನವರು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. "ಆರು ಮಂದಿಗೆ ಒಂದ ಊರಿಂದ ಟಿಕೆಟ್ ಹರದೀರಲ್ರಿ ಅಕ್ಕೋರ. ಎಲ್ಲಾರೂ ಒಂದ ಸ್ಟಾಪಿನ್ಯಾಗ ಹತ್ತಿರ್ತಾರೇನು?" ಎಂದರು. ಆ ವರ್ಷ ಯಾರಿಗೂ ದೀಕ್ಷಾಸ್ನಾನ ಇಲ್ಲ, ಮುಂದಿನ ಮಳೆಗಾಲ ಕಳೆಯಲಿ ಎಂದು ತೀರ್ಮಾನವಾಯಿತು.

ಮುಂದಿನ ಭಾನುವಾರ ಆರರಲ್ಲಿ ಮೂವರು ಬರಲಿಲ್ಲ. ಹತ್ತಿಸಿರೆಂದು ಕರೆಸಿಕೊಂಡವಳು ನಾನೇ ಇಳಿಸಿದ್ದೆ. ವಾಪಸು ಹೋಗುತ್ತೇನೆ ಎಂದು ಚೀಲ ಕಟ್ಟತೊಡಗಿದೆ. ಖಾಲಾ ಬಾಗಿಲಲ್ಲಿ ನಿಂತು ನೋಡಿದರು. "ಹೋಗೂದಾದ್ರ ಹೋಗ್ರಿ. ರೊಟ್ಟಿ ಒಂದು ಕಲ್ತು ಹೋಗ್ರಿ. ಊರಾಗ ಏನ್ ಕಲ್ತಿ ಅಂತ ಕೇಳಿದ್ರ ಏನ್ ತೋರಸ್ತೀರಿ?" ನಗು ಬಂತು, ಅಳುವೂ ಬಂತು. ಅವತ್ತು ಅವರ ಪಕ್ಕ ಕುಳಿತು, ಕುದಿವ ನೀರು ಹಾಕಿದ ಹಿಟ್ಟನ್ನು ಕೈ ಸುಟ್ಟುಕೊಂಡು ನಾದಿದೆ. ನಾಲ್ಕನೆಯ ರೊಟ್ಟಿ ಮುರಿಯದೆ ಹಂಚಿಗೆ ಹೋಯಿತು. ಚೀಲ ಬಿಚ್ಚಿದೆ.

ಬರದ ಮೂವರ ಮನೆಗೂ ಹೋದೆ. ಮುನಿದವರ ಮನೆಗೆ ನಾವೇ ಹೋಗಬೇಕು ಎಂದು ನಾನೇ ಪಾಠ ಹೇಳಿದ್ದೆನಲ್ಲ. ಕ್ಷಮೆ ಕೇಳಿದೆ. ತರಗತಿಯ ರೀತಿಯನ್ನೂ ಬದಲಿಸಿದೆ. ಸಣ್ಣ ಮಕ್ಕಳಿಗೆ ಕಥೆ ಹೇಳುವ ಕೆಲಸವನ್ನು ಈ ಆರು ಜನರಿಗೇ ಒಪ್ಪಿಸಿ ನಾನು ಹಿಂದಿನ ಸಾಲಿಗೆ ಹೋದೆ. ಇಳಿದುಹೋಗುತ್ತಿದ್ದ ಹುಡುಗರಿಗೆ ಬೇಕಾಗಿದ್ದುದು ಇನ್ನೊಂದು ಪಾಠವಲ್ಲ, ಒಂದು ಕೆಲಸ. ದಾನಪ್ಪನವರಂಥವರು ಐವತ್ತು ದಾಟಿದವರಿಗೆ ಮಾತ್ರ ಕೊಡುತ್ತಿದ್ದ ಕೆಲಸ. ಬಾದಾಮಿಯಲ್ಲಿ ಪ್ರಕಾಶನ ಗೊಲ್ಯಾತನನ್ನು ನೋಡಲು ಬೀದಿಯ ಮಕ್ಕಳೂ ಬರತೊಡಗಿದರು. ಸುನೀತಾಳ ಮನೆಯಲ್ಲಿ ಅವಳು ನೂಲು ಸುತ್ತುವಾಗ ನಾನು ಸುಮ್ಮನೆ ಎದುರು ಕೂರುತ್ತಿದ್ದೆ. ಒಂದು ಪ್ರಶ್ನೆ ಕೇಳಿ ಕಾಯುವುದನ್ನು ಅಲ್ಲಿ ಕಲಿತೆ. ಅವಳ ಉತ್ತರ ಬರಲು ಕೆಲವೊಮ್ಮೆ ಎರಡು ವಾರ ಹಿಡಿಯುತ್ತಿತ್ತು. ನನ್ನಂಥ ಬಾಯಿಬಡುಕಿಗೆ ಅದು ಶಿಕ್ಷೆಯೇ.

ಮಳೆಗಾಲ ಕಳೆದ ಮೇಲೆ ನಾಲ್ವರು ತಾವಾಗಿಯೇ ಬಂದು ಕೇಳಿದರು. ಇಬ್ಬರು ಈಗ ಬೇಡ ಎಂದರು. ಬೇಡ ಎಂದವರೂ ಮರುವಾರ ಎಂದಿನಂತೆ ಕಥೆ ಹೇಳಲು ಬಂದರು. ಹಾಳೆ ಯಾರ ಕೈಯಲ್ಲೂ ಇರಲಿಲ್ಲ. ಸುನೀತಾ ಹಿರಿಯರ ಮುಂದೆ ನಿಂತು ಹೇಳಿದ್ದು ಇಷ್ಟೇ:

"ನಮ್ಮ ದೊಡ್ಡಪ್ಪನ ಮಗಳ ಜೋಡಿ ನಾ ಎರಡು ವರ್ಷ ಮಾತಾಡಿದ್ದಿಲ್ರಿ. ಹೋದ ವಾರ ಅಕಿ ಮನೀಗಿ ಹೋಗಿ ಚಾ ಕುಡದು ಬಂದೆ. ಸಿಟ್ಟು ಇನ್ನೂ ಸ್ವಲ್ಪ ಐತಿ. ಐತಿ ಅಂತ ಯೇಸುಗೂ ಹೇಳೇನಿ. ಆದ್ರೂ ಅವನ ಹಿಂದ ನಡೀಬೇಕಂತ ಮನಸ್ಸಾಗೇತಿ. ಇದನ್ನ ನನಗ ಯಾರೂ ಬರದು ಕೊಟ್ಟಿಲ್ಲ."

ದಾನಪ್ಪನವರು ಟವೆಲಿನಿಂದ ಮುಖ ಒರೆಸಿಕೊಂಡರು. ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಮಲಪ್ರಭೆಯ ದಂಡೆಯಲ್ಲಿ ನಾಲ್ವರ ಒಣ ಬಟ್ಟೆಗಳನ್ನು ತೋಳಿನ ಮೇಲೆ ಹೊತ್ತು ನಿಂತವಳು ನಾನು. ಅವರು ಒಬ್ಬೊಬ್ಬರಾಗಿ ಮುಳುಗಿ ಎದ್ದಾಗ ದಡದಲ್ಲಿದ್ದವರು ಹಾಡಿದರು. ನನ್ನ ಪಾದ ಮಾತ್ರ ನೀರಿನಲ್ಲಿತ್ತು. ನಾನು ಕಲಿಸಿದವರು ಆ ಕಡೆಗೆ ಹೋದರು, ನಾನು ಈ ಕಡೆ ಉಳಿದೆ ಎನ್ನಿಸಿತು. ಇಲ್ಲಿನವರು ಯಾರೂ ನನ್ನನ್ನು ಒತ್ತಾಯಿಸಿಲ್ಲ. ಆದರೆ ಅಂದು ಸಂಜೆ ಫೋನಿನಲ್ಲಿ ಅಮ್ಮನಿಗೆ, "ನಾನೂ ನೀರಿಗಿಳಿದರೆ?" ಎಂದೆ. ಅಮ್ಮ, "ಅವತ್ತು ನಿನ್ನನ್ನು ಎತ್ತಿಕೊಂಡು ಉತ್ತರ ಹೇಳಿದವಳು ನಾನು ಕಣೇ. ಅದು ಸುಳ್ಳಾಗಿ ಹೋಗುತ್ತಾ?" ಎಂದರು.

ಆಮೇಲೆ ಕ್ರಿಸ್‌ಮಸ್ ಬಂತು, ನಾನು ನಿಮ್ಮಲ್ಲಿಗೆ ಬಂದೆ. ತಮ್ಮನ ಮಗಳ ದೀಕ್ಷಾಸ್ನಾನ, ಅವಳ ಪರವಾಗಿ ಮಾತು ಕೊಡುವ ಜ್ಞಾನತಾಯಿ ನಾನೇ. ಬಿಳಿ ಬಟ್ಟೆಯಲ್ಲಿ ಸುತ್ತಿದ ಮಗು ನನ್ನ ತೋಳಿನಲ್ಲಿ. ಪಾದ್ರಿ ಅಯ್ಯನವರು ಮಗುವಿಗೆ ಕೇಳಬೇಕಾದ, ಯೇಸುವನ್ನು ಹಿಂಬಾಲಿಸುತ್ತೀಯಾ ಎಂಬ ಪ್ರಶ್ನೆಯನ್ನು ನನಗೆ ಕೇಳಿದರು. ಉತ್ತರ ಪುಸ್ತಕದಲ್ಲಿ ಅಚ್ಚಾಗಿತ್ತು. ನನ್ನ ಬಾಯಿ ಕಟ್ಟಿತು. ಮುಂದಿನ ಸಾಲಿನಲ್ಲಿದ್ದ ಅಮ್ಮನ ಮುಖ ಬಿಳಿಚಿದ್ದನ್ನು ಕಂಡೆ. ನೀವು ಕಂಡ ತಡವರಿಕೆ ಅದೇ. ಕೊನೆಗೆ "ಹೌದು" ಎಂದೆ. ಸುಳ್ಳು ಹೇಳಲಿಲ್ಲ. ಆ ಮಗುವಿಗಾಗಿ ನಾನು ಮನಸಾರೆ ಹೌದು ಎಂದೆ. ಆದರೆ ಅವಳ ಕಿವಿಯ ಬಳಿ ಬಾಗಿ, "ದೊಡ್ಡವಳಾಗು, ನಿನ್ನನ್ನೂ ಕೇಳುತ್ತೇನೆ" ಎಂದೆ. ಮುತ್ತು ಕೊಟ್ಟೆನೆಂದು ನೀವು ತಿಳಿದಿರಿ.

ಇಳಕಲ್ಲಿಗೆ ಮರಳಿದಾಗ ಖಾಲಾ, "ಬಂದ್ರೇನ್ರಿ ಮನೀಗಿ?" ಎಂದರು. ಬೀಳ್ಕೊಡುವಾಗ ಅಮ್ಮ, "ಬೇಗ ಮನೆಗೆ ಬಾ" ಎಂದಿದ್ದರು. ಎರಡೂ ಮಾತಿಗೆ ನಾನು ಹೂಂ ಎಂದಿದ್ದೇನೆ. ಒಪ್ಪಂದದ ಎರಡು ವರ್ಷ ಮುಗಿಯುತ್ತ ಬಂದಿದೆ, ಇನ್ನೊಂದು ವರ್ಷ ಇರಿ ಎಂದು ದಾನಪ್ಪನವರು ಕೇಳಿದ್ದಾರೆ.

ಭಾನುವಾರ ತರಗತಿ ಮುಗಿದ ಮೇಲೆ ಜಮಖಾನೆ ಮಡಚುತ್ತ ಸುನೀತಾಳಿಗೆ ಮೈಸೂರಿನ ಕಥೆಯನ್ನೆಲ್ಲ ಹೇಳಿದೆ. ಅವಳು ಜಮಖಾನೆಯ ಆ ತುದಿ ಹಿಡಿದುಕೊಂಡೇ ಯೋಚಿಸಿದಳು.

"ಆ ಕೂಸಿಗೆ ಕೇಳಾಕ ನೀವು ಅದೀರಿ. ನಿಮಗ ಇನ್ನೂ ಯಾರೂ ಕೇಳಿಲ್ಲಲ್ರಿ. ನಾ ಕೇಳಲೇನ್ರಿ, ಅಕ್ಕೋರ?"

"ಕೇಳು" ಎಂದೆ.

ಅಯ್ಯನವರ ಪ್ರಶ್ನೆಯನ್ನೇ ಅವಳು ಕೇಳಿದಳು. ಯಾವ ಪುಸ್ತಕದಲ್ಲೂ ಇಲ್ಲದ ಹಾಗೆ, ಇಳಕಲ್ಲಿನ ಮಾತಿನಲ್ಲಿ. ಅಮ್ಮನ ಉತ್ತರ ನನಗೆ ಬಾಯಿಪಾಠವಿದೆ, ನನ್ನದು ಇನ್ನೂ ಬಂದಿಲ್ಲ. ಹಾಗೆಂದು ಅವಳಿಗೆ ಹೇಳಿದೆ. "ಆಗಲ್ರಿ" ಎಂದು ಅವಳು ಜಮಖಾನೆ ಎತ್ತಿಟ್ಟಳು. ಕಾಯುತ್ತಿದ್ದಾಳೆ.