ರಾಜನ ಮೇಲಿನ ಲೋಟ

ಸ್ಟೀಲ್ ಲೋಟವನ್ನು ಮರದ ಮೇಲೆ ಬೋರಲು ಹಾಕುವ ಸದ್ದು ನಿಮಗೆ ಏನನ್ನೂ ನೆನಪಿಸಲಿಕ್ಕಿಲ್ಲ. ನನಗೆ ಅದು ಭದ್ರಾವತಿಯ ಕ್ವಾರ್ಟರ್ಸಿನ ಭಾನುವಾರ. ಅಪ್ಪ ಕಾರ್ಖಾನೆಯಲ್ಲಿ ಲೇಥ್ ನಡೆಸುತ್ತಿದ್ದವರು; ಎಷ್ಟು ತೊಳೆದರೂ ಬೆರಳಿನ ಎಣ್ಣೆವಾಸನೆ ಹೋಗುತ್ತಿರಲಿಲ್ಲ. ಶಿವಮೊಗ್ಗದ ಗೋಪಾಳದಲ್ಲಿ ಸ್ಕೂಟರ್ ರಿಪೇರಿ ಮಾಡುತ್ತಿದ್ದ ಬಶೀರ್ ಚಾಚಾ ಬಸ್ಸು ಹತ್ತಿ ಬಂದು ಅವರೆದುರು ಚೆಸ್ಸಿಗೆ ಕೂರುತ್ತಿದ್ದರು. ಚಾಚಾ ನಮಾಜಿಗೋ ಅಪ್ಪ ಬೀಡಿಗೋ ಎದ್ದರೆ ತಮ್ಮ ರಾಜನ ಮೇಲೆ ಲೋಟ ಬೋರಲು ಹಾಕಿ ಹೋಗಬೇಕು. ಅವರು ಮರಳುವವರೆಗೆ ಎದುರಿನವರು ಕಾಯಿ ಮುಟ್ಟುವಂತಿಲ್ಲ. "ನಿಮ್ಮಿಬ್ರ ಆಟಕ್ಕೆ ನಂಗೊಂದು ಲೋಟ ಉಳಿಯಲ್ಲ" ಎಂದು ಅಮ್ಮ ಬೈಯುತ್ತಿದ್ದಳು. ಬೈಯುತ್ತಿದ್ದಳು ಎಂದು ಈಗ ಬರೆಯುತ್ತಿದ್ದೇನೆ, ನಗುತ್ತಿದ್ದಿರಲೂಬಹುದು.

ಶಿವಮೊಗ್ಗದಲ್ಲಿ, ಕೋಟೆಯ ಹತ್ತಿರದ ಸಭಾಂಗಣದಲ್ಲಿ ನಡೆದ ಟೂರ್ನಮೆಂಟಿನಲ್ಲಿ ಇವರಿಬ್ಬರೇ ಎದುರಾದರು. "ಭಾಬಿ ಟೀ ಇಲ್ದೆ ನಿಂಗೆ ಬುದ್ಧಿ ಓಡಲ್ಲ ಮಾರಾಯ, ಈಗ್ಲೇ ಸೋತ್ಬಿಡು" ಎಂದು ಚಾಚಾ ಛೇಡಿಸಿದರು. ಆಟದ ನಡುವೆ ಅಪ್ಪ ತಮ್ಮ ಕಾಯಿ ನಡೆಸಿ, ನೀರು ಕುಡಿಯಲು ಹೋದರು. ಆ ಹಲಗೆಯ ಪಕ್ಕ ಲೋಟವಿರಲಿಲ್ಲ, ಗಡಿಯಾರವಿತ್ತು. ಮರಳುವಷ್ಟರಲ್ಲಿ ಚಾಚಾನ ಆನೆ ಅಪ್ಪನ ರಾಜನಿಗೆ ಎದುರಾಗಿ ನಿಂತಿತ್ತು.

"ನಾನಿಲ್ದಾಗ ಇದು ಹೆಂಗ್ ಬಂತು?"

"ನನ್ ಟೈಮ್ ಓಡ್ತಿತ್ತಲ್ಲೋ, ನಡೆಸ್ದೆ. ಇಲ್ಲಿ ರೂಲ್ಸೇ ಹಂಗೆ."

ಅಪ್ಪ ಪಕ್ಕದಲ್ಲಿ ನಿಂತಿದ್ದ ನನ್ನತ್ತ ತಿರುಗಿದರು. "ಪುಟ್ಟಿ, ಎಷ್ಟ್ ಸಲ ನಡೆಸಿದ್ರು?"

ನಾನು ಎರಡು ಬೆರಳು ತೋರಿಸಿದೆ.

"ಅಂಪೈರ್ನ ಕರಿ, ಕೇಳೋಣ" ಎಂದರು ಚಾಚಾ. ಅಪ್ಪ ಕರೆಯಲಿಲ್ಲ. ತಮ್ಮ ರಾಜನನ್ನು ಮಲಗಿಸಿ, ಹಾಳೆಯಲ್ಲಿ ಏನೋ ಬರೆದು ಜೇಬಿಗಿಟ್ಟು, ನನ್ನ ಕೈ ಹಿಡಿದು ಹೊರನಡೆದರು. ಚಾಚಾ ಮತ್ತೆಂದೂ ಭದ್ರಾವತಿಗೆ ಬರಲಿಲ್ಲ.

ನಾನು ಎರಡು ನಡೆ ನೋಡಿದ್ದೆನೆ? ಚಾಚಾ ಆನೆಯನ್ನು ಸರಿಸಿ, ಚೌಕದ ನಡುವೆ ನೆಟ್ಟಗೆ ಕೂರಿಸಲು ಮತ್ತೊಮ್ಮೆ ಮುಟ್ಟಿದ್ದು ಕಣ್ಣಿಗೆ ಕಟ್ಟಿದಂತಿದೆ. ಇದನ್ನು ನನ್ನ ಸಮಾಧಾನಕ್ಕೆ ಆಮೇಲೆ ಸೇರಿಸಿಕೊಂಡೆನೋ ಏನೋ.

ಅಪ್ಪ ತೀರಿಕೊಂಡ ಮೇಲೆ ಅವರ ಟ್ರಂಕಿನಲ್ಲಿ ಆ ದಿನದ ಹಾಳೆ ಸಿಕ್ಕಿತು. ಟೂರ್ನಮೆಂಟಿನಲ್ಲಿ ತಮ್ಮದೂ ಎದುರಿನವರದೂ ಪ್ರತಿ ನಡೆಯನ್ನು ಇಬ್ಬರೂ ತಮ್ಮ ತಮ್ಮ ಹಾಳೆಯಲ್ಲಿ ಬರೆಯಬೇಕು. ಹಳೆಯ ಹಲಗೆಯ ಮೇಲೆ ಒಂದೊಂದಾಗಿ ನಡೆಸಿ ನೋಡಿದೆ. ಆನೆ ಅಲ್ಲಿಗೆ ಬಂದದ್ದು ಒಂದೇ ನಡೆಯಲ್ಲಿ. ಚಾಚಾನ ಆ ಕೊನೆಯ ನಡೆಯನ್ನೂ ಅಪ್ಪನೇ ಬರೆದಿದ್ದಾರೆ. ಅದಕ್ಕೂ ಮೊದಲೇ ಅವರ ಆಟ ಸೋತಿತ್ತು. ಸೋಲಿಗೊಂದು ನೆಪವಾಗಿ ನನ್ನ ಎರಡು ಬೆರಳು ಅವರಿಗೆ ಬೇಕಾಗಿದ್ದವೇನೋ. ಹಾಗೆಂದುಕೊಂಡರೆ ನನ್ನ ಭಾರ ಇಳಿಯುತ್ತದೆ. ಆದ್ದರಿಂದಲೇ ಅದನ್ನೂ ನಂಬಲಾರೆ. ಕೇಳೋಣವೆಂದು ಗೋಪಾಳಕ್ಕೆ ಹೋದೆ. ಚಾಚಾನ ಅಂಗಡಿಯಿದ್ದ ಜಾಗದಲ್ಲಿ ಮೊಬೈಲ್ ಮಾರುತ್ತಿದ್ದರು. ಅವರ ಹೆಸರು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಹಲಗೆ ಹಾಗೆಯೇ ಇದೆ. ಆಡುವ ಸರದಿ ಅಪ್ಪನದು. ಅಡುಗೆಮನೆಯಿಂದ ಲೋಟ ತಂದು ಅವರ ರಾಜನ ಮೇಲೆ ಬೋರಲು ಹಾಕಿದೆ.