ಅಂದಾನಪ್ಪ ಕತ್ತರಿಸಿದ ಉಡಿದಾರ

ಅಂದಾನಪ್ಪ ಕೂತು ಚಹಾ ಕುಡಿದದ್ದನ್ನು ನಾನು ನೋಡಿಲ್ಲ. ಹಾನಗಲ್ ಕಡೆಯವನು, ನಮ್ಮ ಪೇಟೆಯ ಸಣ್ಣ ಜೈಲಿನಲ್ಲಿ ಕಾವಲಿನವನು. ಹೆಂಡತಿಯ ಜೊತೆ ನಮ್ಮ ಮನೆಯ ಹಿಂಬದಿಯ ಎರಡು ಕೋಣೆಯಲ್ಲಿ ಒಂಬತ್ತು ವರ್ಷ ಬಾಡಿಗೆಗಿದ್ದ. ಲೋಟ ಹಿಡಿದು ಅಂಗಳದಲ್ಲಿ ಆಚೆ ಈಚೆ ತಿರುಗುವವನು.

"ಕೂತ್ಕಂಡು ಕುಡಿಯಾ ಮಾರಾಯಾ, ಚಾ ಎಂತ ಓಡಿ ಹೋಗ್ತಿಲ್ಲೆ" ಎಂದು ನಾನು ಅಂದರೆ, "ಕುಂತ್ರ ಎದಿ ಹೊಡಕೋತೈತ್ರಿ ಅಮ್ಮಾರ" ಎನ್ನುತ್ತಿದ್ದ.

ಹಿಂದೆ ಬೇರೊಂದು ಊರಿನ ಜೈಲಿನಲ್ಲಿ ಇವನ ಪಾಳಿಯಲ್ಲೇ ಒಬ್ಬ ಕೈದಿ ತಾನಾಗಿ ಜೀವ ಕಳೆದುಕೊಂಡಿದ್ದ. ಆಗ ಇವನು ಕುರ್ಚಿಯಲ್ಲಿ ಕೂತಿದ್ದನಂತೆ. ಅಷ್ಟೇ ಅವನ ತಪ್ಪು.

ಎರಡು ಸಾವಿರದ ಮೂರರಲ್ಲಿ ಜೈಲಿನವರಿಗೆ ಧಾರವಾಡದಲ್ಲಿ ಮೂರು ದಿನದ ತರಬೇತಿ ಇಟ್ಟರು. ಕೈದಿಗಳು ಜೀವಕ್ಕೆ ಕೇಡು ಮಾಡಿಕೊಳ್ಳದ ಹಾಗೆ ನೋಡಿಕೊಳ್ಳುವುದನ್ನು ಮನಸ್ಸಿನ ಡಾಕ್ಟರರೊಬ್ಬರು ಹೇಳಿಕೊಟ್ಟರು. ಅಂದಾನಪ್ಪ ತಾನಾಗಿ ಕೇಳಿಕೊಂಡು ಹೋದ. ಎರಡು ಮಾತು ಬಾಯಿಪಾಠ ಮಾಡಿಕೊಂಡು ಬಂದ. ಕುತ್ತಿಗೆಗೆ ಬೀಳುವಂಥದ್ದೇನನ್ನೂ ಒಳಗೆ ಬಿಡಬಾರದು. ಅನುಮಾನ ಬಂದರೆ ಸಾಯಬೇಕು ಅನಿಸುತ್ತದೆಯೇ ಎಂದು ನೇರವಾಗಿ ಕೇಳಬೇಕು. ಕೇಳಿದ್ದರಿಂದ ಯಾರೂ ಸಾಯುವುದಿಲ್ಲ, ಎದೆ ಹಗುರಾಗುತ್ತದೆ.

ಮೊದಲನೆಯದು ಸುಲಭವಾಯಿತು. ಎರಡನೆಯದು ನಾಲಿಗೆಗೆ ಬರಲಿಲ್ಲ. ಕೆಟ್ಟದ್ದು ಆಡಿದರೆ ಮಾಡಿನ ಮೇಲೆ ತಿರುಗುವ ದೇವತೆಗಳು ಅಸ್ತು ಅಂದುಬಿಡುತ್ತಾರೆ ಎಂದು ಕೇಳಿ ಬೆಳೆದವನು. ನಾವೆಲ್ಲ ಹಾಗೆ ಬೆಳೆದವರೇ.

ಮುಂದಿನ ತಿಂಗಳು ಮಾಗೋಡು ಕಡೆಯ ಕೆರಿಯ ಎನ್ನುವವನನ್ನು ತಂದು ಹಾಕಿದರು. ಗದ್ದೆಯ ನೀರಿನ ಜಗಳದಲ್ಲಿ ದಾಯಾದಿಗೆ ಹೊಡೆದಿದ್ದ. ಅಂದಾನಪ್ಪ ಅವನ ಟವೆಲು ಇಸಿದುಕೊಂಡ, ಚಡ್ಡಿಯ ಲಾಡಿ ತೆಗೆಸಿದ, ಸೊಂಟದ ಉಡಿದಾರಕ್ಕೂ ಕತ್ತರಿ ಹಾಕಿದ. ಗಂಡಸಿನ ಉಡಿದಾರ ಕತ್ತರಿಸುವುದು ಹೆಣವಾದ ಮೇಲೆ. ಅದು ಅವನಿಗೆ ಗೊತ್ತಿಲ್ಲದ್ದಲ್ಲ. ಕೈ ಒಂದು ಗಳಿಗೆ ನಿಂತಿತ್ತು. ಆ ಹಳೆಯ ಕೈದಿ ಕಣ್ಣಿಗೆ ಬಂದ, ಕತ್ತರಿಸಿಬಿಟ್ಟ.

ಕೆರಿಯ ಅಂದಿನಿಂದ ಗೋಡೆಗೆ ಮುಖ ಮಾಡಿ ಕೂತ. ಅನ್ನ ಮುಟ್ಟಲಿಲ್ಲ. ಅಂದಾನಪ್ಪ ಹತ್ತು ನಿಮಿಷಕ್ಕೊಮ್ಮೆ ಸರಳಿನ ಹತ್ತಿರ ಹೋಗಿ, "ಹೊಟ್ಟಿ ನೋಯ್ತೈತೇನಪಾ? ಊರು ನೆನಪಾತೇನು?" ಎಂದು ಸುತ್ತುಬಳಸಿ ಕೇಳುತ್ತಿದ್ದ.

ಮೂರನೆಯ ದಿನ ಕೆರಿಯನ ಹೆಂಡತಿ ಮಂಜಿ ಯಲ್ಲಾಪುರದ ಮೊದಲ ಬಸ್ಸಿಗೆ ಬಂದಳು. ಗಂಡನ ಹತ್ತಿರ ಐದು ನಿಮಿಷ ಮಾತಾಡಿ, ಅಂದಾನಪ್ಪನ ಮುಂದೆ ನಿಂತಳು.

"ಕತ್ರಿ ಹಾಕ್ದವ್ರು ನೀವೇ ಅಲ್ದಾ ಒಡೆಯಾ?"

"ಹೌದವ್ವಾ. ಕಾಯಿದೆ."

"ಹಂಗಾರೆ ನನ್ ಕರಿಮಣಿನೂ ಹರ್ಕಳಿ. ಒಂದೇ ಕತ್ರಿಗೆ ಆಗೋಗ್ತದೆ."

ಅಂದಾನಪ್ಪ ಒಳಗೆ ಹೋಗಿ ಸರಳು ಹಿಡಿದು ನಿಂತ. "ಕೆರಿಯಾ, ಸಾಯಬೇಕಂತ ಅನಸಾಕತ್ತೈತೇನು?"

"ಸತ್ತವಂಗೆ ಎಂತ ಕೇಳ್ತ್ರಿ?" ಗೋಡೆಯ ಕಡೆಯಿಂದಲೇ ಮಾತು ಬಂತು. "ಕೊಳ್ಳಿ ಇಡೂದೊಂದು ಬಾಕಿ."

"ಯಾವಾಗಿಂದ?"

"ನೀವು ಕೊಯ್ದ ದಿನದಿಂದ."

ಅಷ್ಟು ಹೇಳಿ ಕೆರಿಯ ಮೊದಲ ಸಲ ಇತ್ತ ತಿರುಗಿದ.

ಅಂದಾನಪ್ಪ ಧಾರವಾಡದ ಆ ಡಾಕ್ಟರರಿಗೆ ಫೋನು ಮಾಡಿಸಿದ. ಜೈಲಿನ ಸಾಹೇಬರ ಮುಂದೆ ಹೋಗಿ ಉಡಿದಾರದ ಮಾತು ಎತ್ತಿದ.

"ನಿನ್ನನ್ನ ಕಳಿಸಿದ್ದು ದಾರ ಬಿಚ್ಚೋದು ಕಲೀಲಿಕ್ಕೆ," ಸಾಹೇಬರು ನಕ್ಕರು, "ನೀನು ಕಟ್ಟಲಿಕ್ಕೆ ಪರವಾನಗಿ ಕೇಳ್ತೀಯಲ್ಲೋ."

ಕಡೆಗೆ ಒಪ್ಪಿದ್ದು ಹೊಲಿಗೆಯ ನೂಲಿಗೆ, ಅದೂ ಒಂದೇ ಎಳೆ. ಬೆರಳಿಗೆ ಸುತ್ತಿ ಎಳೆದರೆ ಹರಿಯಬೇಕು. ಅಂದಾನಪ್ಪ ಮೂರು ಸಲ ಹರಿದು ತೋರಿಸಿದ. ನಾಲ್ಕನೆಯದನ್ನು ಮಂಜಿ ಕಟ್ಟಿದಳು. ಕೆರಿಯ ಎರಡು ತುತ್ತು ಉಂಡ.

ಆ ನೂಲು ಎರಡು ದಿನಕ್ಕೊಮ್ಮೆ ಹರಿಯುತ್ತಿತ್ತು. "ಒಡೆಯಾ, ನಿಮ್ ಸರ್ಕಾರಿ ದಾರ ಹೋಯ್ತು" ಎಂದು ಕೆರಿಯ ಕೂಗಿದರೆ ಅಂದಾನಪ್ಪ ಬೇರೆ ಕಟ್ಟುತ್ತಿದ್ದ. ಸಿರ್ಸಿ ಕೋರ್ಟಿನಲ್ಲಿ ಜಾಮೀನು ಸಿಗದ ದಿನ ಕೂಗು ಬರಲಿಲ್ಲ. ಹೋಗಿ ನೋಡಿದರೆ ನೂಲು ನೆಲದ ಮೇಲೆ, ಕೆರಿಯ ಮತ್ತೆ ಗೋಡೆಗೆ.

ಅಂದಾನಪ್ಪ ನೇರ ಕೇಳಿದ.

ಕೆರಿಯ, "ಇವತ್ತಿಲ್ಲ. ನಾಳೆ ಕೇಳಿ" ಎಂದ.

ಒಬ್ಬ ಕಾವಲಿನವನನ್ನು ಅವನ ಎದುರಿಗೇ ನಿಲ್ಲಿಸಿ ಅಂದಾನಪ್ಪ ಮನೆಗೆ ಬಂದ. ಮರುದಿನ ಅವನಿಗೆ ವಾರದ ರಜೆ. ತಂಗಿಯ ಮಗಳ ನಿಶ್ಚಿತಾರ್ಥಕ್ಕೆ ಊರಿಗೆ ಹೋಗುವುದಿತ್ತು. ಬೆಳಿಗ್ಗೆ ಹೆಂಡತಿ ಚೀಲ ಹಿಡಿದು ಅಂಗಳದಲ್ಲಿ ನಿಂತಿದ್ದಳು.

"ಪಾಳಿಯವ್ರು ಕೇಳ್ತಾರ ಬಿಡ್ರಿ. ಸ್ವಾದರಮಾವ ಇಲ್ಲದ ನಿಶ್ಚಯ ಆಕ್ಕೈತೇನು?"

"ಅಂವ ಕೇಳು ಅಂದಿದ್ದು ನನಗ," ಎಂದ ಅಂದಾನಪ್ಪ.

ಅವಳನ್ನು ಹಾನಗಲ್ ಬಸ್ಸಿಗೆ ಹತ್ತಿಸಿ, ಬಸ್ಸು ಹೊರಡುವುದನ್ನೂ ಕಾಯದೆ ಜೈಲಿನ ಕಡೆ ನಡೆದ.