ಹದಿನೈದಕ್ಕೆ ಒಪ್ಪದ ಹಬೆಯಕ್ಕ

ಬೆಳಗಿನ ಐದೂವರೆ. ಬೆಟ್ಟದ ಮೇಲಿನ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಹಬೆಯಕ್ಕ ಆಳೆತ್ತರದ ಉಕ್ಕಿನ ಪೆಟ್ಟಿಗೆಯ ಬಾಗಿಲು ಬಿಗಿಯುತ್ತಾರೆ. ಒಳಗಿರುವುದು ಆಪರೇಷನ್ನಿನ ಕತ್ತರಿ, ಇಕ್ಕಳ, ಬಟ್ಟೆಯ ಗಂಟುಗಳು. ಹಬೆ ಬಿಟ್ಟು ಒಳಗಿನ ಗಾಳಿಯನ್ನೆಲ್ಲ ಹೊರಗಟ್ಟಿದ ಮೇಲೆ, ಒತ್ತಡ ತೋರುವ ಮುಳ್ಳಿನ ಮೇಲೆ ಕಣ್ಣು ನೆಡುತ್ತಾರೆ. ಮುಳ್ಳು ಹದಿನೈದು ಪೌಂಡ್ ದಾಟುತ್ತದೆ. ಅವರು ಜಪ್ಪಯ್ಯ ಎಂದರೂ ಕದಲುವುದಿಲ್ಲ. ಹತ್ತೊಂಬತ್ತರ ಬಳಿ ಉಗುರುಬಣ್ಣದ ಗೀಟಿದೆ. ನಿಮಿಷದ ಎಣಿಕೆ ಅಲ್ಲಿಂದ ಶುರು.

ಹೆಸರಿಟ್ಟವರು ನರ್ಸುಗಳು. ಕಸ ಗುಡಿಸಲು ಸೇರಿದ ಈಕೆ ಇಪ್ಪತ್ತಾರು ವರ್ಷದಿಂದ ಹಬೆಯೊಂದಿಗೆ ಏಗುತ್ತಿದ್ದಾರೆ. ದಿನಕ್ಕೆ ಐದು ಸುತ್ತು, ಅರವತ್ತು ಗಂಟು. ಬಲಗೈಯಲ್ಲಿ ಮೊಣಕೈವರೆಗೆ ಸುಟ್ಟ ಕಲೆ. "ಆಸ್ಪತ್ರೇಲಿ ಏನ್ಮಾಡ್ತೀರಿ ಅತ್ತೆ ಅಂತ ಅಳಿಯ ಕೇಳ್ತಾನೆ. ನೀರು ಕಾಯಿಸ್ತೀನಪ್ಪ ಅಂತೀನಿ."

ತಕರಾರಿರುವುದು ಆ ನೀರಿನದೇ. ಇಷ್ಟು ಎತ್ತರದಲ್ಲಿ ಗಾಳಿಯ ಒತ್ತಡ ಕಡಿಮೆ, ನೀರು ತೊಂಬತ್ತೆರಡು ಡಿಗ್ರಿಗೇ ಕುದಿಯುತ್ತದೆ. "ಇಲ್ಲಿನ ನೀರಿಗೆ ಅವಸರ ಜಾಸ್ತಿ. ಸರಿಯಾಗಿ ಕಾಯೋ ಮೊದಲೇ ಕುಣಿಯುತ್ತೆ. ಅದುಮಿ ಹಿಡಿದ್ರೇನೇ ದಾರಿಗೆ ಬರೋದು. ಮಂಜುಗಡ್ಡೆಗೆ ಈ ಚಾಳಿ ಇಲ್ಲ, ಕೆಳಗೂ ಸೊನ್ನೆಗೇ ಕರಗುತ್ತೆ, ಇಲ್ಲೂ ಹೆಚ್ಚುಕಮ್ಮಿ ಸೊನ್ನೆಗೇ," ಎಂದು ನಗುತ್ತಾರೆ.

ಕ್ರಿಮಿ ಸಾಯಲು ನೂರಿಪ್ಪತ್ತೊಂದು ಡಿಗ್ರಿ ಬೇಕು. ಬಯಲುಸೀಮೆಯಲ್ಲಿ ಕೂತು ಬರೆದ ಕೈಪಿಡಿಯ ಪ್ರಕಾರ ಮುಳ್ಳು ಹದಿನೈದು ಮುಟ್ಟಿದರೆ ಅಷ್ಟು ಬಿಸಿ ಬಂತು. ಮುಳ್ಳು ತೋರುವುದು ಹೊರಗಿನ ಗಾಳಿಗಿಂತ ಒಳಗೆ ಎಷ್ಟು ಹೆಚ್ಚು ಒತ್ತಡ ಎಂಬುದನ್ನಷ್ಟೇ; ಹೊರಗಿನದೇ ಕಡಿಮೆ ಇರುವ ಇಲ್ಲಿ ಹದಿನೈದಕ್ಕೆ ಅಷ್ಟು ಬಿಸಿ ಬರುವುದಿಲ್ಲ.

ಹೊಸದಾಗಿ ಬಂದ ಸರ್ಜನ್‌ಗೆ ಇದು ಗೊತ್ತಿರಲಿಲ್ಲ. ಕಳೆದ ತಿಂಗಳು ಕರುಳು ಗಂಟುಬಿದ್ದ ಹೆಂಗಸೊಬ್ಬಳು ಮೇಜಿನ ಮೇಲೆ ಮಲಗಿದ್ದಳು. ಸಲಕರಣೆಗೆಂದು ಸರ್ಜನ್ ತಾವೇ ಕೆಳಗಿಳಿದು ಬಂದರು.

"ಹದಿನೈದಾಗಿದೆಯಲ್ಲ, ತೆಗೀರಿ."

"ಇನ್ನೂ ಇಪ್ಪತ್ತು ನಿಮಿಷ ಬೇಕು ಸಾರ್."

"ಆಕೆಗೆ ಏನಾದ್ರೂ ಆದ್ರೆ ನೀವೇ ಹೊಣೆ."

"ಆಗ್ಲಿ ಸಾರ್."

ಹಬೆಯಕ್ಕ ಬಾಗಿಲಿಗೆ ಬೆನ್ನು ಕೊಟ್ಟು ನಿಂತರು. "ಒಂದು ವೇಳೆ ತಡವಾಗಿದ್ದಕ್ಕೇ ಅವಳು ಸತ್ತುಬಿಟ್ರೆ ಅಂತ ಹೆದರಿಕೆ ಇತ್ತು," ಎಂದು ಈಗ ಹೇಳುತ್ತಾರೆ. ಇಪ್ಪತ್ತು ನಿಮಿಷವೂ ಸರ್ಜನ್ ಅಲ್ಲೇ ನಿಂತಿದ್ದರು.

ಮರುದಿನ ಅವರೇ ಪೆಟ್ಟಿಗೆಯನ್ನು ಹದಿನೈದಕ್ಕೆ ಓಡಿಸಿ ನೋಡಿದರು. ಸಾಕಷ್ಟು ಕಾದರೆ ಕಪ್ಪಾಗಬೇಕಿದ್ದ ಪರೀಕ್ಷೆಯ ಪಟ್ಟಿ ಬಿಳಿಚಿಕೊಂಡೇ ಇತ್ತು. ಕೈಪಿಡಿಯ ಸಂಖ್ಯೆ ಹೊಡೆದುಹಾಕಿ, ಹತ್ತೊಂಬತ್ತು ಎಂದು ಬರೆದು ಸಹಿ ಮಾಡಿದರು.

ಅದಕ್ಕಿಂತ ಹೆಚ್ಚಾಗಿ ಹಬೆಯಕ್ಕನಿಗೆ ನೆನಪಿರುವುದು ಆಪರೇಷನ್ ಆದ ಎಂಟನೆಯ ದಿನ. ನೆಲಮಾಳಿಗೆಯ ಸಣ್ಣ ಕಿಟಕಿಯಿಂದ ಇವರು ನೋಡುತ್ತಿರುವಾಗ ಆ ಹೆಂಗಸು ಗಂಡನ ಕೈ ಕೊಡವಿ, ತಾನೇ ನಡೆದು ಗೇಟು ದಾಟಿದಳಂತೆ.

"ನಾನ್ಯಾರು ಅಂತ ಅವಳಿಗೆ ಗೊತ್ತಿಲ್ಲ. ಗೊತ್ತಾಗೋದೂ ಬೇಡ. ಗಾಯ ಕೀವಾಗಿದ್ರೆ ತಾನೇ ಯಾರದು ತಪ್ಪು ಅಂತ ಕೆಳಗಿಳಿದು ಹುಡುಕ್ಕೊಂಡು ಬರೋದು?"